ಕೆಸರು ದಾರಿಯ ಪಾಠಕ್ಕೆ ಹಣ ಕೊಡಬಹುದೇ?

ಆಷಾಢದ ಮಳೆ ಹಿಡಿದುಕೊಂಡಿದ್ದ ದಿನಗಳಲ್ಲಿ ನಾವು ಹಾಸನದಲ್ಲಿರುವ ತಂಗಿಯ ಮಗನ ಮನೆಗೆ ಹೋಗಿದ್ದೆವು. ಕುಶಲಪ್ರಶ್ನೆಗಳು ಮುಗಿಯುವುದರೊಳಗೆ ಆ ಮನೆಯ ವ್ಯಾಜ್ಯವೊಂದು ನಮ್ಮ ಮುಂದೆ ಬಂದಿತು. ಅಳಿಯನು ಎರಡು ವರ್ಷಗಳ ಹಿಂದೆ ಹಳೆಯ ಫೋರ್‌ವೀಲ್ ಡ್ರೈವ್ ಜೀಪೊಂದನ್ನು ಕೊಂಡಿದ್ದಾನೆ. ಅರಕಲಗೂಡು ತಾಲ್ಲೂಕಿನಲ್ಲಿ ಅವರಿಗೆ ಹೊಗೆಸೊಪ್ಪಿನ ಹೊಲವಿದೆ. (ಅದು ನಮಗೆ ಒಪ್ಪಿಗೆಯಾದ ಬೆಳೆಯಲ್ಲ, ಆ ಮಾತು ಬೇರೆ.) ಮಳೆಗಾಲದಲ್ಲಿ ಆ ಹೊಲಕ್ಕೆ ಬೇರೆ ವಾಹನ ಹೋಗದು. ತಾಯಿ ಇರುವ ಹಳ್ಳಿಯ ಮನೆಗಾದರೋ ಆರು ಕಿಲೋಮೀಟರು ಸುತ್ತಿದರೆ ಡಾಂಬರು ರಸ್ತೆಯುಂಟು. ಆದರೆ ಹತ್ತಿರವೆಂದು ಎಲ್ಲರೂ ಕಾಲುವೆಯ ಏರಿಯ ದಾರಿಯನ್ನೇ ಹಿಡಿಯುತ್ತಾರೆ. ಹಿಂದಿನ ವರ್ಷ ಜ್ವರದಲ್ಲಿದ್ದ ತಾಯಿಯನ್ನು ಆಸ್ಪತ್ರೆಗೆ ಕರೆತರುವಾಗ ಆ ಏರಿಯ ಮೇಲೆ ಜೀಪು ಜಾರಿ ಪಕ್ಕಕ್ಕೆ ವಾಲಿತು. ಹೊಂಗೆಯ ಮರವೊಂದು ತಡೆದದ್ದರಿಂದ ಕಾಲುವೆಗೆ ಬೀಳಲಿಲ್ಲ. ತಂಗಿಯ ಮುಂಗೈ ಮೂಳೆ ಮುರಿಯಿತು.

ಅಂದಿನಿಂದ ಅಳಿಯನಿಗೆ ನಿದ್ದೆಯಿಲ್ಲ. ರಸ್ತೆಯಿಲ್ಲದ ನೆಲದಲ್ಲಿ ಗಾಡಿ ನಡೆಸುವುದನ್ನು ಗುರುವಿನ ಸಮ್ಮುಖದಲ್ಲಿ ಕಲಿಸುವ ಎರಡು ದಿನಗಳ ತರಬೇತಿಯೊಂದು ಚನ್ನರಾಯಪಟ್ಟಣದ ಕಡೆ ನಡೆಯಲಿದೆ, ಶುಲ್ಕ 12,000 ರೂಪಾಯಿ, ಸೇರಲೇ ಬೇಡವೇ, "ನೀವೇ ಹೇಳಿ ಮಾವ" ಎಂದನು. ಮಠದಲ್ಲಿ ಓದಿ ಬೆಳೆದ ನಮಗೆ ಸೈಕಲ್ಲಿನಾಚೆಗೆ ಯಾವ ವಾಹನವನ್ನೂ ನಡೆಸಿ ಗೊತ್ತಿಲ್ಲ. ಗೊತ್ತಿಲ್ಲದ ವಿಷಯದಲ್ಲಿ ತೀರ್ಪು ಕೊಡುವುದಕ್ಕಿಂತ ನಾಲ್ಕು ಊರು ತಿರುಗಿ ಕೇಳೋಣವೆಂದು ಮರುದಿನ ಅದೇ ಜೀಪಿನಲ್ಲಿ ಹೊರಟೆವು.

ಮೊದಲು ಶೆಟ್ಟಿಹಳ್ಳಿ. ಹಾಸನದಿಂದ ಸುಮಾರು 20 ಕಿಲೋಮೀಟರು. 1860ರಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಚರ್ಚು ಗೊರೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಿಗೆಯಲ್ಲಿ ಪೂರ್ಣ ಮೇಲೇಳುತ್ತದೆ. ನೀರು ಇಳಿದ ಕಾಲದಲ್ಲಿ ನಗರದವರ ಗಾಡಿಗಳು ಅದರ ಬುಡದವರೆಗೂ ಇಳಿಯುತ್ತವೆ. ಕೆರೆಯಂಗಳದ ಮಣ್ಣು ಮೇಲೆ ಒಣಗಿ ಬಿರುಕು ಬಿಟ್ಟಿದ್ದರೂ ಒಳಗೆ ಹಸಿ ಇರುತ್ತದೆ. ಅಲ್ಲಿ ಸಿಕ್ಕ ರೈತರೊಬ್ಬರು, "ಹೂತುಕೊಂಡ ಮೇಲೆ ಟ್ರ್ಯಾಕ್ಟರ್ ಹುಡುಕಿಕೊಂಡು ಊರೊಳಗೆ ಬರುತ್ತಾರೆ ಬುದ್ಧಿ, ಬರುವ ಮುಂಚೆ ಒಬ್ಬರೂ ಕೇಳುವುದಿಲ್ಲ" ಎಂದರು. ನಾವು ಹೋದಾಗ ಹೇಮಾವತಿ ತುಂಬಿಕೊಂಡು ಚರ್ಚಿನ ಗೋಡೆಗಳನ್ನು ತಬ್ಬಿದ್ದಳು. ದೂರದಿಂದಲೇ ನೋಡಿ ಗೊರೂರಿನ ಮೇಲೆ ಅರಕಲಗೂಡಿಗೆ ನಡೆದೆವು.

ತಂಗಿಯ ನಿಲುವು ಸ್ಪಷ್ಟವಾಗಿತ್ತು. "ಹದಿನೈದು ವರ್ಷದಿಂದ ಗಾಡಿ ಓಡಿಸುವವನಿಗೆ ಇನ್ನೆಂಥ ಪಾಠ ಅಣ್ಣಾ? ಆ ದುಡ್ಡಿಗೆ ಹಸುಗಳಿಗೆ ಹಿಂಡಿ ಬೂಸ ಆಗುತ್ತಿತ್ತು." ಮಗನನ್ನು ಬೈಯುವುದಕ್ಕಾಗಿ ಅಲ್ಲ, ಅವನ ತಪ್ಪಲ್ಲವೆಂದು ಸಾಧಿಸುವುದಕ್ಕಾಗಿಯೇ ಹೀಗೆ ಹೇಳುತ್ತಿದ್ದಾಳೆಂದು ನಮಗೆ ತೋರಿತು. ಮಳೆ ಜಾರಿಸಿತು, ಅಷ್ಟೇ ಎಂಬುದು ಅವಳ ವಾದ.

ಪಕ್ಕದ ಮನೆಯ ಹಿರಿಯರು ಒಂದು ಕಾಲದಲ್ಲಿ ಹಳ್ಳಿಕಾರ್ ಎತ್ತುಗಳನ್ನು ಕಟ್ಟಿ ಗಾಡಿ ಹೊಡೆದವರು. ಹಳ್ಳಕ್ಕೆ ಗಾಡಿ ಇಳಿಸುವ ಮುನ್ನ ತಾವೇ ಕೋಲು ಹಿಡಿದು ನೀರಿಗಿಳಿದು ಆಳ ನೋಡುತ್ತಿದ್ದರಂತೆ. ದಿಣ್ಣೆಯನ್ನು ನೇರವಾಗಿ ಹತ್ತಬೇಕು, ನೇರವಾಗಿ ಇಳಿಯಬೇಕು, ಅಡ್ಡ ತಿರುಗಿಸಿದರೆ ಗಾಡಿ ಮಗುಚುತ್ತದೆ ಎಂದರು. ಇದೆಲ್ಲ ಕಾಸಿಲ್ಲದೆ ಸಿಕ್ಕಿತಲ್ಲವೇ ಎಂದು ತಂಗಿ ನಮ್ಮ ಮುಖ ನೋಡಿದಳು. ಆಗ ಆ ಹಿರಿಯರೇ ತಲೆಯಾಡಿಸಿ, "ಎತ್ತಿಗೆ ಕಾಲಲ್ಲೇ ಬುದ್ಧಿ ಇರುತ್ತೆ ತಾಯಿ. ನೆಲ ಸರಿಯಿಲ್ಲದಿದ್ದರೆ ಹೊಡೆದರೂ ಹೆಜ್ಜೆ ಇಡಲ್ಲ. ಈ ಜೀಪಿಗೆ ಅದಿಲ್ಲ" ಎಂದರು.

ಹೊಳೆನರಸೀಪುರದಲ್ಲಿ ಗ್ಯಾರೇಜಿನ ಮೇಸ್ತ್ರಿಯೊಬ್ಬರನ್ನು ಕಂಡೆವು. ಕೆಸರಿನಲ್ಲಿ ಸಿಕ್ಕ ಗಾಡಿಯನ್ನು ಅರ್ಧ ಕ್ಲಚ್ಚು ಒತ್ತಿ, ಎಂಜಿನ್ನನ್ನು ಕಿರುಚಿಸಿ ಎಬ್ಬಿಸಹೊರಟು, ಕ್ಲಚ್ ಪ್ಲೇಟು ಸುಟ್ಟುಕೊಂಡು ಬರುವವರು ಪ್ರತಿ ಮಳೆಗಾಲದಲ್ಲೂ ಇದ್ದಾರಂತೆ. ಆ ಒಂದು ದುರಸ್ತಿಗೆ ಅವರು ಹೇಳಿದ ಮೊತ್ತ ತರಬೇತಿಯ ಶುಲ್ಕಕ್ಕಿಂತ ಹೆಚ್ಚು ಕಡಿಮೆಯಿರಲಿಲ್ಲ. ಲೆಕ್ಕ ಇಲ್ಲಿಂದ ಅಳಿಯನ ಕಡೆಗೆ ವಾಲತೊಡಗಿತು.

ಚನ್ನರಾಯಪಟ್ಟಣದ ಬಳಿಯ ತೆಂಗಿನ ತೋಟ, ಅದಕ್ಕೆ ಸೇರಿದ ಹಳೆಯ ಕಲ್ಲುಕ್ವಾರಿ. ತರಬೇತಿ ನಡೆಯುತ್ತಿದ್ದುದು ಆ ಖಾಸಗಿ ಜಮೀನಿನಲ್ಲಿ. ಸೇರುವ ಮುನ್ನ ಅರ್ಧ ದಿನ ನಿಂತು ನೋಡಬಹುದೆಂದು ಶಿಕ್ಷಕರು ಒಪ್ಪಿದ್ದರು. ನಾಲ್ಕೇ ಗಾಡಿಗಳು. ಮೊದಲ ಒಂದು ಗಂಟೆ ಯಾರನ್ನೂ ಗಾಡಿ ಹತ್ತಿಸಲಿಲ್ಲ. ದಾರಿಯನ್ನು ಕಾಲಿನಲ್ಲಿ ನಡೆಸಿದರು. ಬಳಿಕ ಟೈರಿನ ಗಾಳಿ ಇಳಿಸಿದರು. ಗಾಳಿ ಕಡಿಮೆಯಾದರೆ ಟೈರು ಅಗಲವಾಗಿ ನೆಲವನ್ನು ಅಪ್ಪುತ್ತದೆ. ಡಾಂಬರಿಗೆ ಬರುವ ಮುನ್ನ ಮತ್ತೆ ತುಂಬಲೇಬೇಕು. ಸ್ಟೀರಿಂಗಿನೊಳಗೆ ಹೆಬ್ಬೆರಳು ಸಿಕ್ಕಿಸಬಾರದು. ಚಕ್ರ ಕಲ್ಲಿಗೆ ಬಡಿದಾಗ ಅದು ಒಮ್ಮೆಲೇ ತಿರುಗಿ ಬೆರಳು ಮುರಿಯುತ್ತದೆ. ದಿಣ್ಣೆ ಹತ್ತಲಾಗದೆ ನಿಂತರೆ ತಿರುಗಿಸದೆ ರಿವರ್ಸ್ ಗೇರಿನಲ್ಲಿ ನೇರ ಹಿಂದಕ್ಕೆ ಇಳಿಯಬೇಕು. ಎಳೆಯುವ ಹಗ್ಗ ಬಿಗಿಯಾದ ಮೇಲೆ ಹತ್ತಿರದಲ್ಲಿ ಯಾರೂ ನಿಲ್ಲಬಾರದು, ದಾಟಲೂಬಾರದು. ಕಿತ್ತು ಬಂದ ಕೊಂಡಿ ಪ್ರಾಣ ತೆಗೆಯಬಲ್ಲದು. ಗಾಡಿಕಾರ ಹಿರಿಯರ ಮಾತುಗಳು ಅರ್ಧದಷ್ಟು ಇಲ್ಲಿಯೂ ಕೇಳಿಬಂದವು.

ಮಧ್ಯಾಹ್ನ ಶಿಕ್ಷಕರು ಅಳಿಯನನ್ನು ಕೇಳಿದರು: "ಆ ದಿನ ಏರಿ ಇಳಿಯುವಾಗ ಯಾವ ಗೇರಿನಲ್ಲಿದ್ದಿರಿ?" ಅವನು ತಡೆದು ಹೇಳಿದನು. ಮೂರನೆಯ ಗೇರು. ಫೋರ್‌ವೀಲ್ ಹಿಡಿ ಹಾಕಿರಲಿಲ್ಲ. ಜಾರುತ್ತಲೇ ಬ್ರೇಕನ್ನು ಬಲವಾಗಿ ತುಳಿದನು. ಶಿಕ್ಷಕರು ಅವನನ್ನು ಕ್ವಾರಿಯ ಕೆಂಪು ಇಳಿಜಾರಿಗೆ ಕರೆದೊಯ್ದು, ನೀರು ಹಾಯಿಸಿ, ಲೋ ರೇಂಜಿನ ಒಂದನೆಯ ಗೇರಿನಲ್ಲಿ ಬ್ರೇಕು ಮುಟ್ಟದೆ ಇಳಿಸಿದರು. ಎಂಜಿನ್ನೇ ಚಕ್ರಗಳನ್ನು ಹಿಡಿದುಕೊಂಡು ಜೀಪು ಗರ್ಭಿಣಿಯ ನಡಿಗೆಯಲ್ಲಿ ಇಳಿಯಿತು. ಕೆಳಗೆ ಬಂದ ಅಳಿಯನು ಬಹಳ ಹೊತ್ತು ಗಾಡಿಯಿಂದ ಇಳಿಯಲಿಲ್ಲ. ಮಳೆಯೊಂದೇ ಜಾರಿಸಿದ್ದಲ್ಲ ಎಂಬುದು ಅವನಿಗೆ ಆಗ ತಿಳಿಯಿತು. ನಾವೂ ಏನನ್ನೂ ಹೇಳಲಿಲ್ಲ.

ಜೀಪು 1941ರ ಯುದ್ಧಕಾಲದಲ್ಲಿ ಅಮೆರಿಕದ ಸೇನೆಗೆಂದು ಹುಟ್ಟಿದ ವಾಹನ. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಕಂಪನಿಯವರು ಅದನ್ನು ನಮ್ಮ ದೇಶದಲ್ಲಿ ಜೋಡಿಸತೊಡಗಿದರು. ಮಹಾರಾಷ್ಟ್ರದ ಇಗತ್‌ಪುರಿಯಲ್ಲಿ ಇಂತಹ ಚಾಲನೆಗೆಂದೇ ಶಾಲೆಯನ್ನು ತೆರೆದವರೂ ಅವರೇ. ಮಾರಿದವರಿಗೇ ಕಲಿಸಬೇಕೆನಿಸಿದ ಮೇಲೆ, ಎಂಟರ ಆಕಾರದಲ್ಲಿ ಗಾಡಿ ತಿರುಗಿಸಿ ಪಡೆದ ಲೈಸೆನ್ಸು ಕೆಸರಿಗೂ ಸಾಕೆನ್ನುವುದು ಹೇಗೆ?

ಆದರೆ ಎರಡನೆಯ ದಿನದ ಬಗ್ಗೆ ನಮ್ಮ ಅಭಿಪ್ರಾಯ ಬೇರೆ. ಅಂದು ಹಳ್ಳದಲ್ಲಿ ನೀರು ಚಿಮ್ಮಿಸುವುದು, ಫೋಟೋ ತೆಗೆಸಿಕೊಳ್ಳುವುದು, ಊಟ. ಹೊಲಕ್ಕೆ ಗೊಬ್ಬರ ಒಯ್ಯುವವನಿಗೆ ಅದರಿಂದ ಪ್ರಯೋಜನ ಕಾಣೆವು. ಇಂತಹ ಪಾಠಕ್ಕೆ ಹಣ ಕೊಡುವ ಬಂಧುಗಳು, ಕಲಿಯುವುದು ತಮ್ಮದೇ ಗಾಡಿಯಲ್ಲೋ ಅವರ ಗಾಡಿಯಲ್ಲೋ, ಒಬ್ಬ ಗುರುವಿಗೆ ಎಷ್ಟು ಶಿಷ್ಯರು, ನೆಲ ಯಾರದು ಎಂದು ಮೊದಲೇ ವಿಚಾರಿಸಲಿ. ಕಾಡಿಗೆ ಕರೆದೊಯ್ಯುತ್ತೇವೆ ಎನ್ನುವವರನ್ನು ದೂರವಿಡಲಿ. ಅನುಮತಿಯಿಲ್ಲದೆ ಮೀಸಲು ಅರಣ್ಯದೊಳಗೆ ಗಾಡಿ ನುಗ್ಗಿಸುವುದು ಅಪರಾಧ. ಸಕಲೇಶಪುರದ ಕಡೆಯ ಹುಲ್ಲುಗುಡ್ಡಗಳಲ್ಲಿ ಚಕ್ರ ಬಗೆದ ಗೆರೆಯಲ್ಲಿ ಮಳೆನೀರು ಹರಿದು ಮಣ್ಣು ಕೊಚ್ಚಿಹೋಗುತ್ತದೆ.

ಶಿಕ್ಷಕರೊಡನೆ ಮಾತನಾಡಿ, ಒಂದೇ ದಿನಕ್ಕೆಂದು 6,000 ರೂಪಾಯಿ ಕೊಟ್ಟೆವು. ಅದರಲ್ಲಿ ಅರ್ಧ ನಮ್ಮದು. ಉಳಿದ ಹಣದಲ್ಲಿ ಎಳೆಯುವ ಹಗ್ಗ ಮತ್ತು ಗಾಳಿ ತುಂಬುವ ಪಂಪು ಬಂದವು. ಹಿಂಡಿ ಬೂಸಕ್ಕೆ ಏನೂ ಉಳಿಯಲಿಲ್ಲವೆಂಬ ಆಕ್ಷೇಪ ತಂಗಿಯದು ಹಾಗೆಯೇ ಇದೆ.

ಶ್ರಾವಣದ ಎರಡನೆಯ ಸೋಮವಾರ ಅವಳನ್ನು ಹಾಸನಕ್ಕೆ ಕರೆತರಲು ಹೋದ ಅಳಿಯನು, ಏರಿಯ ತುದಿಯಲ್ಲಿ ಜೀಪು ನಿಲ್ಲಿಸಿ, ಇಳಿದು ಕೊನೆಯವರೆಗೂ ನಡೆದು ನೋಡಿ, ಹಿಂದಿರುಗಿ ಸುತ್ತು ದಾರಿಯ ಡಾಂಬರಿನಲ್ಲಿ ಹೋದನಂತೆ. ಅದರಿಂದ ಪೂಜೆಗೆ ತಡವಾಯಿತೆಂದು ತಂಗಿ ನಮ್ಮೊಡನೆ ಫೋನಿನಲ್ಲಿ ದೂರಿದಳು.