ಯಾರ ಮನಿಗೆ ಬಂದೀರಿ?

ನನ್ನ ತಂಗಿಯ ಮಗಳು ಒಬ್ಬಳೇ ಪ್ರಾಗ್ ನಗರ ನೋಡಿಕೊಂಡು ಬಂದಳು. ಕೆಲಸದ ಮೇಲೆ ಜರ್ಮನಿಗೆ ಹೋದವಳು ನಾಲ್ಕು ದಿನ ರಜೆ ಸಿಕ್ಕಿತೆಂದು ಅತ್ತ ಹೋಗಿದ್ದಳು. 1357ರಲ್ಲಿ ಕಟ್ಟಲು ತೊಡಗಿದ ಕಲ್ಲಿನ ಸೇತುವೆಯ ಮೇಲೆ ನಸುಕಿನಲ್ಲೇ ನಡೆದಾಡಬೇಕಂತೆ. ಹೊತ್ತೇರಿದರೆ ಕಾಲಿಡಲು ಜಾಗವಿಲ್ಲ. ಟ್ರಾಮಿನ ಟಿಕೆಟ್ಟನ್ನು ಕೊಂಡರೆ ಸಾಲದು, ಯಂತ್ರದ ಬಾಯಿಗೆ ತೂರಿಸಿ ಮುದ್ರೆ ಹಾಕಿಸಿಕೊಳ್ಳಬೇಕು, ಇಲ್ಲದಿದ್ದರೆ ದಂಡ. ಒಬ್ಬೊಬ್ಬರೇ ತಿರುಗುವವರಿಗೆಂದು ಇಂಥ ಬುದ್ಧಿಮಾತುಗಳನ್ನೆಲ್ಲ ಅಚ್ಚು ಹಾಕಿದ ಪುಸ್ತಕವೇ ಅವಳ ಕೈಯಲ್ಲಿತ್ತು. ಎಲ್ಲ ಹೇಳಿ ಮುಗಿಸಿ, "ನಾಲ್ಕು ದಿನ ಒಬ್ಬರೂ ನನ್ನನ್ನ ಏನೂ ಕೇಳಲಿಲ್ಲ, ದೊಡ್ಡಮ್ಮಾ" ಎಂದಳು. ಅದು ಅವಳಿಗೆ ಸುಖವಾಗಿತ್ತೋ ಬೇಸರವಾಗಿತ್ತೋ ದನಿಯಿಂದ ತಿಳಿಯಲಿಲ್ಲ.

ನಮ್ಮ ಕಡೆ ಒಬ್ಬರೇ ತಿರುಗುವವರಿಗೆ ಅಂಥ ಪುಸ್ತಕ ಬರೆದರೆ ಮೊದಲ ಪುಟದಲ್ಲಿ ಬರೆಯಬೇಕಾದದ್ದು ಒಂದೇ: ನಿಮ್ಮನ್ನು ಕೇಳುತ್ತಾರೆ. ಬಸ್ಸಿಳಿದ ಕೂಡಲೇ ಕೇಳುತ್ತಾರೆ. "ಯಾವೂರ್ರೀ? ಒಬ್ಬರ ಬಂದೀರೇನು? ಯಾರ ಮನಿಗೆ?"

ಮೂವತ್ತು ವರ್ಷ ಮಕ್ಕಳಿಗೆ ಚಾಲುಕ್ಯರ ಪಾಠ ಮಾಡಿದ ನಾನು ನಿವೃತ್ತಳಾಗುವವರೆಗೆ ಚಾಲುಕ್ಯರ ಒಂದು ಗುಡಿಯನ್ನೂ ನೆಟ್ಟಗೆ ನೋಡಿರಲಿಲ್ಲ. 2023ರ ಜೂನ್‌ನಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಬಿಟ್ಟಿಯಾದ ಮೇಲೆ ನೆಪವೂ ಉಳಿಯಲಿಲ್ಲ. ಆಧಾರ್ ಚೀಟಿ, ನೀರಿನ ಬಾಟಲಿ, ಒಂದು ಟಾರ್ಚು, ಒಂದು ನೋಟುಬುಕ್ಕು ಚೀಲಕ್ಕೆ ಹಾಕಿಕೊಂಡು ಕೊಟ್ಟೂರಿನಿಂದ ಹೊರಡತೊಡಗಿದೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಲ್ಲ ಬಸ್ ನಿಲ್ದಾಣಗಳ ಕಲ್ಲುಬೆಂಚುಗಳೂ ಈಗ ನನಗೆ ಪರಿಚಿತ. ಹರಪನಹಳ್ಳಿಯದೇ ಒಂದು ತಮಾಷೆ. 1997ರಲ್ಲಿ ದಾವಣಗೆರೆ ಜಿಲ್ಲೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಿಂದ ವಿಜಯನಗರ. ಊರು ಕೂತಲ್ಲೇ ಕೂತು ನನಗಿಂತ ಹೆಚ್ಚು ತಿರುಗಾಡಿದೆ.

ಹರಪನಹಳ್ಳಿಯಿಂದ ಬಾಗಳಿ ದೂರವೇನಲ್ಲ. ಅಲ್ಲಿಯ ಕಲ್ಲೇಶ್ವರನ ಗುಡಿಗೆ ಬೆಳಿಗ್ಗೆಯೇ ಹೋಗಬೇಕು. ಗರ್ಭಗುಡಿಯ ಭಾಗ ರಾಷ್ಟ್ರಕೂಟರ ಕಾಲದ್ದು; ಕಂಬಗಳ ಮಂಟಪ ಚಾಲುಕ್ಯ ತೈಲಪನ ಕಾಲದಲ್ಲಿ, 987ರಲ್ಲಿ, ದುಗ್ಗಿಮಯ್ಯನೆಂಬುವನು ಕಟ್ಟಿಸಿದ್ದು. ಎಳೆ ಬಿಸಿಲು ಓರೆಯಾಗಿ ಬಿದ್ದಾಗ ಆ ಕಂಬಗಳು ನಿನ್ನೆ ತಾನೇ ತಿಗರಿಯಿಂದ ಇಳಿದಂತೆ ಕಾಣುತ್ತವೆ. ಮಧ್ಯಾಹ್ನ ಹೋದವರಿಗೆ ಬರೀ ಕಲ್ಲು, ಬರೀ ಬೆವರು. ಕುರುವತ್ತಿಗೆ ಹೋದರೆ ಮಲ್ಲಿಕಾರ್ಜುನನ ಗುಡಿಯ ಮದನಿಕೆಯರನ್ನು ಕತ್ತೆತ್ತಿ ನೋಡಿ, ಆಮೇಲೆ ತುಂಗಭದ್ರೆಯ ದಂಡೆಯಲ್ಲಿ ಅರ್ಧ ಗಂಟೆ ಕೂಡಿ. ಬಾಗಿಲಿಗೆ ಬೀಗವಿದ್ದರೆ ವಾಪಸಾಗಬೇಡಿ. ಪೂಜಾರಿಯ ಮನೆ ಕೇಳಿದರೆ ಯಾವುದಾದರೂ ಹುಡುಗ ಓಡಿಹೋಗಿ ಬೀಗದ ಕೈ ತರುತ್ತಾನೆ. ಹಿಂದಿರುಗುವ ಬಸ್ಸಿನ ಹೊತ್ತನ್ನು ಇಳಿಯುವಾಗಲೇ ಕಂಡಕ್ಟರನಿಂದ ಕೇಳಿಟ್ಟುಕೊಳ್ಳಿ. ಕೊಟ್ಟೂರು ತೇರು, ಮೈಲಾರದ ಕಾರ್ಣೀಕದ ದಿನಗಳಲ್ಲಿ ಮಾತ್ರ ಈ ಯಾವ ಬುದ್ಧಿಯೂ ನಡೆಯುವುದಿಲ್ಲ. ಆಗ ಒಂಟಿ ಪ್ರಯಾಣಿಕರೆಂಬ ಜಾತಿಯೇ ಇರುವುದಿಲ್ಲ.

ಇನ್ನು ಆ ಪ್ರಶ್ನೆ. ಮೊದಮೊದಲು ನನಗೆ ರೇಗುತ್ತಿತ್ತು. ಗುಡಿ ನೋಡಲು ಬಂದೆ ಎಂದರೆ ಯಾರೂ ನಂಬುತ್ತಿರಲಿಲ್ಲ. ಹರಕೆಯಿಲ್ಲ, ಹಣ್ಣುಕಾಯಿ ಇಲ್ಲ, ಜೊತೆಗೆ ಮಗನೂ ಇಲ್ಲ, ಅರವತ್ತು ದಾಟಿದ ಹೆಂಗಸು ಕಲ್ಲು ನೋಡಲು ಬರುತ್ತಾಳೆಯೇ? ಮನೆಯಲ್ಲಿ ಜಗಳವೇನೋ ಎಂದು ಒಬ್ಬಾಕೆ ಮೆಲ್ಲಗೆ ಕೇಳಿಯೂ ಬಿಟ್ಟಳು.

ಹಾಗಾಗಿ ಒಂದು ಊರಿನಲ್ಲಿ (ಹೆಸರು ಬೇಡ) ನಾನು ಕಂಬದ ಮೇಲಿನ ಚಿತ್ರವನ್ನು ಬರೆದುಕೊಳ್ಳುತ್ತಿದ್ದಾಗ ಒಬ್ಬ ಮುದುಕಿ ಬಂದು "ಸರ್ಕಾರದೋರೇನ್ರೀ?" ಎಂದಾಗ, ಪೀಡೆ ತಪ್ಪಲೆಂದು "ಹ್ಞೂಂ" ಎಂದುಬಿಟ್ಟೆ.

ಪೀಡೆ ತಪ್ಪಲಿಲ್ಲ. ಕೈ ಹಿಡಿದು ಮನೆಗೆ ಕರೆದೊಯ್ದಳು. ಗುಡಿಯಿಂದ ಇಪ್ಪತ್ತು ಹೆಜ್ಜೆ. ಹಿಂದಿನ ಗೋಡೆ ಹೊಟ್ಟೆ ಬಿಟ್ಟುಕೊಂಡು ನಿಂತಿತ್ತು. ಎರಡು ಕೋಲು ಆಸರೆ ಕೊಟ್ಟಿದ್ದರು. ರಕ್ಷಿತ ಗುಡಿಯ ಸುತ್ತ ನೂರು ಮೀಟರಿನೊಳಗೆ ಹೊಸದಾಗಿ ಕಟ್ಟುವಂತಿಲ್ಲ, ದುರಸ್ತಿಗೂ ಅಪ್ಪಣೆ ಬೇಕೆಂಬುದು 2010ರ ತಿದ್ದುಪಡಿಯಿಂದಾಚೆಗಿನ ಕಾನೂನು. ಗುಡಿಯ ದೃಷ್ಟಿಯಿಂದ ಅದು ಸರಿಯೇ. ಮುದುಕಿಗೆ ಗೊತ್ತಿದ್ದುದು ಇಷ್ಟೇ: ಗೋಡೆ ಮುಟ್ಟಬಾರದು, ಮಳೆಗಾಲ ಬರುತ್ತದೆ. "ಬರಕೋರಿ" ಎಂದಳು. ನಾನು ಬರೆದುಕೊಂಡೆ! ಅವಳ ಹೆಸರು, ಗಂಡನ ಹೆಸರು, ಗೋಡೆಯ ಉದ್ದ. ಹತ್ತು ನಿಮಿಷದ ಹಿಂದೆ ಚಾಲುಕ್ಯರ ಬಳ್ಳಿ ಬರೆದ ಅದೇ ಪೆನ್ಸಿಲ್ಲು. ಅವಳು ಕೊಟ್ಟ ಒಗ್ಗರಣೆ ಮಂಡಕ್ಕಿ ಗಂಟಲಲ್ಲಿ ಇಳಿಯಲಿಲ್ಲ. ನಿಜ ಹೇಳುವಷ್ಟರಲ್ಲಿ ಬಸ್ಸು ಬಂತೆಂದು ಹುಡುಗರು ಕೂಗಿದರು. ಸುಳ್ಳೇಕೆ, ಕೂಗಿದ್ದು ನನಗೆ ಒಳ್ಳೆಯದೇ ಆಯಿತು.

ಎರಡು ತಿಂಗಳು ಎಲ್ಲಿಗೂ ಹೋಗಲಿಲ್ಲ. ನೋಟುಬುಕ್ಕು ತೆರೆದರೆ ಮದನಿಕೆಯ ಮಗ್ಗುಲಲ್ಲೇ ಆ ಗೋಡೆಯ ಅಳತೆ. ಕೊನೆಗೆ ಮುಂಗಾರು ಹಿಡಿಯುವ ಮುಂಚೆ ಆ ಊರಿಗೇ ಹೋದೆ. ಜಗಲಿಯ ಮೇಲೆ ಕೂತಿದ್ದಳು. ನಾನು ಸರ್ಕಾರದವಳಲ್ಲ, ಮಾಸ್ತರಿಕೆ ಮಾಡಿದವಳು, ಅವತ್ತು ಸುಳ್ಳು ಹೇಳಿದೆ ಎಂದೆ. ಬೈದರೆ ಹಗುರಾಗುತ್ತಿದ್ದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಸ್ಸಿನ್ಯಾಗ ಬಂದಾಗ ನಂಗೂ ಅನುಮಾನ ಇತ್ತು ಬಿಡವ್ವಾ. ಅರ್ಜಿ ಬರೆಯಾಕರ ಬರ್ತೈತೇನು?" ಎಂದಳು.

ಬರುತ್ತದೆ. ಗುಡಿಯ ಕಟ್ಟೆಯ ಮೇಲೆ ಕೂತು ಎರಡು ಪ್ರತಿ ಬರೆದೆ. ದುರಸ್ತಿಗೆ ಅಪ್ಪಣೆ ಕೋರಿ, ಗೋಡೆಯ ಅಳತೆ ಸಮೇತ. ಆಮೇಲೆ ಇನ್ನೂ ಮೂವರು ಬಂದರು. ಅವರವೂ ಅಂಥವೇ ಗೋಡೆಗಳು.

ಈಗ ಎಲ್ಲಿ ಹೋದರೂ ಯಾರ ಮನಿಗೆ ಎಂದು ಕೇಳಿದರೆ ನಿಂತು ಹೇಳುತ್ತೇನೆ: ಕೊಟ್ಟೂರಿನವಳು, ಮಾಸ್ತರಿಕೆ ಮಾಡಿದವಳು, ಗುಡಿ ನೋಡಲು ಬಂದೆ. ನಂಬದಿದ್ದವರ ಎದುರು ಇನ್ನೊಮ್ಮೆ ಹೇಳುತ್ತೇನೆ. ಆ ಮುದುಕಿಯ ಅರ್ಜಿಗೆ ಉತ್ತರ ಇನ್ನೂ ಬಂದಿಲ್ಲ. ಹೋದ ಸಲ ನೋಡಿದಾಗ ಗೋಡೆಗೆ ಮೂರನೆಯ ಕೋಲು ಕೊಟ್ಟಿದ್ದರು.