ಹತ್ತನೇ ಬೀದಿಯ ನಡುಮಹಡಿ

ವಾಷಿಂಗ್ಟನ್ನಿನ ಹತ್ತನೇ ಬೀದಿ, 1879ರ ಜನವರಿ. ನೀವು ಕಾಲಿಟ್ಟಿರುವುದು ಫೋರ್ಡ್ಸ್ ಥಿಯೇಟರಿಗೆ. 1865ರಲ್ಲಿ ಲಿಂಕನ್ನರಿಗೆ ಗುಂಡು ಬಿದ್ದದ್ದು ಇಲ್ಲೇ. ರಂಗವೂ ಇಲ್ಲ, ಆಸನಗಳೂ ಇಲ್ಲ. ಸರ್ಕಾರ ಒಳಗಿನದನ್ನೆಲ್ಲ ಕಿತ್ತುಹಾಕಿ ಮೂರು ಮಹಡಿ ಮಾಡಿಸಿದೆ. ಕೆಳಗೆ ಅಂತರ್ಯುದ್ಧದ ಸೈನಿಕರ ಕಡತಗಳು. ಮೇಲಿನ ಮಹಡಿಯಲ್ಲಿ ಸೇನಾ ವೈದ್ಯಕೀಯ ಮ್ಯೂಸಿಯಂ: ಗುಂಡೇಟಿಗೆ ಸೀಳಿದ ಎಲುಬುಗಳು, ಅವುಗಳ ನಡುವೆ ಲಿಂಕನ್ನರ ಹಂತಕ ಬೂತ್‌ನ ಕತ್ತಿನ ಮೂಳೆಯೂ ಇದೆ. ನಾವು ಹೋಗುವುದು ನಡುವಿನ ಮಹಡಿಗೆ, ಸರ್ಜನ್ ಜನರಲ್ ಅವರ ಗ್ರಂಥಾಲಯಕ್ಕೆ.

ಕಪಾಟುಗಳನ್ನು ಆಮೇಲೆ ನೋಡೋಣ, ಮೊದಲು ಮೇಜಿನ ಹತ್ತಿರ ಬನ್ನಿ. ಜರ್ಮನ್, ಫ್ರೆಂಚ್, ಇಟಾಲಿಯನ್, ಇಂಗ್ಲಿಷ್ ವೈದ್ಯ ಪತ್ರಿಕೆಗಳ ರಾಶಿ. ಮುಖ್ಯಸ್ಥ ಜಾನ್ ಶಾ ಬಿಲ್ಲಿಂಗ್ಸ್ ಇವನ್ನು ಮನೆಗೆ ಒಯ್ದು, ರಾತ್ರಿ ಕೂತು ಲೇಖನಗಳಿಗೆ ಗುರುತು ಹಾಕಿ ತರುತ್ತಾರೆ. ಗುಮಾಸ್ತರು ಲೇಖನಕ್ಕೊಂದು ಕಾರ್ಡು ಬರೆಯುತ್ತಾರೆ: ಹೆಸರು, ಪತ್ರಿಕೆ, ಸಂಪುಟ, ಪುಟ. ಕಾರ್ಡುಗಳು ವಿಷಯವಾರು ಸೇರುತ್ತವೆ. ಕಾಲರಾದ ಬಗ್ಗೆ ಬರ್ಲಿನ್ನಿನವರು ಬರೆದದ್ದೂ ಲಂಡನ್ನಿನವರು ಬರೆದದ್ದೂ ಒಂದೇ ಕಟ್ಟಿನಲ್ಲಿ. ಒಬ್ಬರಿಗೊಬ್ಬರು ಗೊತ್ತೇ ಇಲ್ಲದ ವೈದ್ಯರನ್ನು ಪಕ್ಕಪಕ್ಕ ಕೂರಿಸುವ ಈ ಕೆಲಸ ನನ್ನ ಮಟ್ಟಿಗೆ ಚಿಕಿತ್ಸೆಯಷ್ಟೇ ದೊಡ್ಡದು.

ಈ ಹಟಕ್ಕೊಂದು ಕಾರಣವಿದೆ. 1860ರಲ್ಲಿ ಸಿನ್ಸಿನಾಟಿಯ ವಿದ್ಯಾರ್ಥಿಯಾಗಿದ್ದ ಬಿಲ್ಲಿಂಗ್ಸ್ ಅಪಸ್ಮಾರದ ಶಸ್ತ್ರಚಿಕಿತ್ಸೆಯ ಮೇಲೆ ಪ್ರಬಂಧ ಬರೆಯಲು ಹೊರಟು, ಹಿಂದಿನವರ ಅನುಭವಗಳಿಗಾಗಿ ಗ್ರಂಥಾಲಯಗಳನ್ನು ಅಲೆದು ಸೋತಿದ್ದರು. ಬೇಕಾದದ್ದೆಲ್ಲ ಒಂದೇ ಕಡೆ ಸಿಗುವ ಜಾಗ ಅಮೆರಿಕದಲ್ಲಿರಲಿಲ್ಲ. ಇನ್ನೊಬ್ಬನಿಗೆ ಆ ಪಾಡು ಬೇಡ ಎಂದೇ ಈ ಮೇಜಿನ ಮೇಲಿನ ದುಡಿಮೆ.

ಅವರ ಸಹಾಯಕ, ಇಂಗ್ಲೆಂಡಿನಿಂದ ಬಂದ ವೈದ್ಯ ರಾಬರ್ಟ್ ಫ್ಲೆಚರ್. ಇಬ್ಬರೂ ಸೇರಿ ಇದೇ ತಿಂಗಳು ಹೊಸ ವೈದ್ಯ ಬರಹಗಳ ಮಾಸಿಕ ಸೂಚಿ ‘ಇಂಡೆಕ್ಸ್ ಮೆಡಿಕಸ್’ ಆರಂಭಿಸುತ್ತಿದ್ದಾರೆ. ಮುಂದೆ ಇದನ್ನು ಬೇಗ ಅಚ್ಚು ಮಾಡಲೆಂದೇ 1964ರಲ್ಲಿ ಕಂಪ್ಯೂಟರ್ ಬರುತ್ತದೆ, 1996ರಲ್ಲಿ ಅಂತರ್ಜಾಲದ ಸೂಚಿ ಪಬ್‌ಮೆಡ್. ಹುಬ್ಬಳ್ಳಿಯ ವೈದ್ಯ ವಿದ್ಯಾರ್ಥಿ ಇಂದು ಮೊಬೈಲಿನಲ್ಲಿ ಹುಡುಕುವುದು ಈ ಕಾರ್ಡುಗಳ ವಂಶದಲ್ಲೇ.

ಬಿಲ್ಲಿಂಗ್ಸ್‌ಗೆ ಈ ಕಟ್ಟಡದ ಮೇಲೆ ನಂಬಿಕೆಯಿರಲಿಲ್ಲ. ಬೆಂಕಿ ಬಿದ್ದರೆ ಎಲ್ಲವೂ ಬೂದಿ ಎಂದು ಹೊಸ ಕಟ್ಟಡಕ್ಕಾಗಿ ಬೆನ್ನುಹತ್ತಿ, 1887ರಲ್ಲಿ ಪುಸ್ತಕಗಳನ್ನೆಲ್ಲ ಸಾಗಿಸಿದರು. 1893ರ ಜೂನ್ 9ರಂದು, ನೆಲಮಾಳಿಗೆಯಲ್ಲಿ ಅಗೆಯುತ್ತಿದ್ದಾಗ, ಹಳೇ ಕಟ್ಟಡದ ಮಹಡಿಗಳು ಕುಸಿದು ಕಡತ ವಿಭಾಗದ 22 ಮಂದಿ ಸತ್ತರು. ಹೊಸ ಕಟ್ಟಡದಲ್ಲಿ ಕೆಲಸ ನಿಲ್ಲಲಿಲ್ಲ. 1880ರಲ್ಲಿ ಶುರುವಾದ, ಗ್ರಂಥಾಲಯದ ಮುದ್ರಿತ ಸೂಚಿಯಾದ ಇಂಡೆಕ್ಸ್-ಕ್ಯಾಟಲಾಗಿನ ಮೊದಲ ಸರಣಿ 1895ರಲ್ಲಿ ಹದಿನಾರನೇ ಸಂಪುಟದೊಂದಿಗೆ ಮುಗಿಯಿತು.