ತೆಪ್ಪಕ್ಕೆ ತೆಪ್ಪ ತಾಗಿದಾಗ

ಕನಕಪುರದಿಂದ ಸಂಗಮಕ್ಕೆ ಬರುವ ಹೆಚ್ಚಿನವರಿಗೆ ಮೇಕೆದಾಟು ನೋಡುವ ಆತುರ. ಅರ್ಕಾವತಿ ಕಾವೇರಿಯನ್ನು ಸೇರುವ ಜಾಗದಲ್ಲಿ ಹೊಳೆ ದಾಟಿ, ಆಚೆ ದಡದಿಂದ ಸುಮಾರು 4 ಕಿಲೋಮೀಟರ್ ಸಾಗಿದರೆ ಆ ಕಮರಿ. ನನಗೆ ಹೊಳೆ ದಾಟುವುದೇ ಹಬ್ಬ. ರಜೆಯ ದಿನ ರೇವಿನಲ್ಲಿ ಒಂದು ತೆಪ್ಪ ಬರುತ್ತಿರುತ್ತದೆ, ಇನ್ನೊಂದು ಹೊರಡುತ್ತಿರುತ್ತದೆ, ಮೂರನೆಯದು ಜನ ಹತ್ತಲೆಂದು ಕಾದಿರುತ್ತದೆ. ಅಷ್ಟು ಇಕ್ಕಟ್ಟಿನಲ್ಲಿ ಒಂದಕ್ಕೊಂದು ತಾಗದಿರುವುದು ಸಾಧ್ಯವೇ ಇಲ್ಲ. ಅವು ಹೇಗೆ ತಾಗುತ್ತವೆ ಎಂದು ದಡದಲ್ಲಿ ಕೂತು ನೋಡುವುದು, ಯಾರಾದರೂ ಹುಟ್ಟು ಕೊಟ್ಟರೆ ನಾನೇ ಮೆಲ್ಲಗೆ ತಾಗಿಸುವುದು ನನಗೆ ಬಹಳ ಇಷ್ಟದ ಕೆಲಸ.

ಬಿದಿರಿನ ತೆಪ್ಪವನ್ನು ಕಟ್ಟಿದವರು ತಾಗುವುದನ್ನು ಮೊದಲೇ ಲೆಕ್ಕಕ್ಕೆ ಹಿಡಿದಿದ್ದರು ಎಂದೇ ನನ್ನ ನಂಬಿಕೆ. ಸೀಳಿದ ದಬ್ಬೆಗಳನ್ನು ಅಡ್ಡಡ್ಡ ಹೆಣೆದ ದೊಡ್ಡ ಬುಟ್ಟಿ ಅದು. ಹಿಂದೆ ಹೊರಗೆ ಚರ್ಮ ಹೊದಿಸುತ್ತಿದ್ದರು. ಆಮೇಲೆ ಡಾಂಬರು ಬಳಿದ ಗೋಣಿ, ಪ್ಲಾಸ್ಟಿಕ್ ಹಾಳೆ ಬಂದವು. ಅಂಚನ್ನು ಮಾತ್ರ ದಪ್ಪಗೆ, ಬಿಗಿಯಾಗಿ ಹೆಣೆಯುತ್ತಾರೆ. ಎರಡು ಅಂಚು ಸಂಧಿಸಿದಾಗ ದಬ್ಬೆಗಳು ಒಂದರ ಮೇಲೊಂದು ಜಾರಿ ಕಿರುಗುಟ್ಟುತ್ತವೆ, ಬುಟ್ಟಿ ಒಂದು ಕ್ಷಣ ಮೊಟ್ಟೆಯಾಕಾರಕ್ಕೆ ಅಮುಕಿಕೊಂಡು ಮತ್ತೆ ದುಂಡಗಾಗುತ್ತದೆ. ಆ ಅಮುಕಿನಲ್ಲೇ ಪೆಟ್ಟು ಕರಗುವುದು.

ಲೆಕ್ಕ ಹಾಕಿ ನೋಡೋಣ. ಜನರೂ ಸೇರಿ 400 ಕಿಲೋ ತೂಗುವ ತೆಪ್ಪ ಸೆಕೆಂಡಿಗೆ 1 ಮೀಟರ್, ಅಂದರೆ ನಿಧಾನ ನಡಿಗೆಯ ವೇಗದಲ್ಲಿ ಬಂಡೆಗೆ ಬಡಿಯಿತು ಎನ್ನಿ. ಅದರಲ್ಲಿರುವ ಶಕ್ತಿ 200 ಜೂಲ್. ಬಿರುಸಾದ ಮೈಯಾಗಿದ್ದು 2 ಸೆಂಟಿಮೀಟರಿನಲ್ಲಿ ನಿಂತುಬಿಟ್ಟರೆ ಸರಾಸರಿ ಒಂದು ಟನ್ ಭಾರ ಹೇರಿದಷ್ಟು ಒತ್ತಡ ಬೀಳುತ್ತದೆ. ಬಿದಿರು ಬಾಗಿ 10 ಸೆಂಟಿಮೀಟರಿನಲ್ಲಿ ನಿಲ್ಲಿಸಿದರೆ ಅದೇ ಒತ್ತಡ 200 ಕಿಲೋಗೆ ಇಳಿಯುತ್ತದೆ. ಬಂಡೆಯ ಬದಲು ತನ್ನಷ್ಟೇ ತೂಕದ, ತೇಲುತ್ತ ನಿಂತ ಇನ್ನೊಂದು ತೆಪ್ಪಕ್ಕೆ ತಾಗಿದರೆ ಅದೂ ಹಿಂದಕ್ಕೆ ಸರಿಯುವುದರಿಂದ, ಮೈಗಳು ಅರಗಿಸಿಕೊಳ್ಳಬೇಕಾದ್ದು ಹೆಚ್ಚೆಂದರೆ ಅರ್ಧ ಶಕ್ತಿ. ವೇಗವನ್ನು ಅರ್ಧಕ್ಕೆ ತಂದರಂತೂ ಶಕ್ತಿ ಕಾಲು ಭಾಗಕ್ಕೆ ಬರುತ್ತದೆ. ಕೊನೆಯ ನಾಲ್ಕು ಮಾರು ದೂರದಲ್ಲಿ ಅನುಭವಿ ಅಂಬಿಗ ಹುಟ್ಟು ಹಾಕುವುದನ್ನು ನಿಲ್ಲಿಸುವುದು ಇದಕ್ಕೇ.

ದುಂಡು ಆಕಾರದ ಉಪಕಾರ ಬೇರೆಯೇ. ಮೂತಿಯುಳ್ಳ ದೋಣಿ ಇನ್ನೊಂದರ ಪಕ್ಕೆಗೆ ಹೊಕ್ಕರೆ ಪೆಟ್ಟೆಲ್ಲ ಒಂದೇ ಬಿಂದುವಿಗೆ ಬೀಳುತ್ತದೆ. ತೆಪ್ಪಕ್ಕೆ ಮೂತಿಯೇ ಇಲ್ಲ. ನಡುವಿಗೆ ನಡು ಗುರಿಯಿಟ್ಟು ಬಂದರೆ ಮಾತ್ರ ಪೂರ್ತಿ ಪೆಟ್ಟು. ಸ್ವಲ್ಪ ಓರೆಯಾದರೂ ಅಂಚಿಗೆ ಅಂಚು ಉಜ್ಜಿ ಎರಡೂ ತಿರುಗುತ್ತ ಪಕ್ಕಕ್ಕೆ ಜಾರಿಕೊಳ್ಳುತ್ತವೆ. 16ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ತುಂಗಭದ್ರೆಯ ಈ ಚರ್ಮದ ಬುಟ್ಟಿಗಳು ಸದಾ ಸುತ್ತುತ್ತಲೇ ಇರುತ್ತವೆ, ನೆಟ್ಟಗೆ ಹೋಗಲಾರವು ಎಂದು ಬರೆದಿಟ್ಟಿದ್ದಾನೆ. ಅವನು ಕುಂದೆಂದು ಕಂಡದ್ದೇ ಇಕ್ಕಟ್ಟಿನ ರೇವಿನಲ್ಲಿ ಅದರ ರಕ್ಷೆ.

ಹಾಗೆಂದು ಎಲ್ಲವನ್ನೂ ಆಕಾರಕ್ಕೆ ಬಿಟ್ಟು ಕೂರುವಂತಿಲ್ಲ. ಚನ್ನಪಟ್ಟಣದ ಕಡೆಯ ಕಣ್ವ ಜಲಾಶಯದಂಥ ನಿಂತ ನೀರಿನಲ್ಲಿ ಗಾಳಿಯನ್ನಷ್ಟೇ ನೋಡಿಕೊಂಡರೆ ಸಾಕು. ಸಂಗಮದಲ್ಲಿ ಸೆಳವು ಇದೆ. ಅಲ್ಲಿ ರೇವನ್ನು ಕೆಳಗಿನಿಂದ, ಹರಿವಿಗೆ ಎದುರಾಗಿ ಸೇರಬೇಕು. ಆಗ ನೀರೇ ತಡೆಯಾಗುತ್ತದೆ. ಮುಂದೆ ಕೂತು ಹುಟ್ಟನ್ನು ನೀರಿಗಿಳಿಸಿ ತನ್ನತ್ತ ಎಳೆಯಬೇಕು. ಎಡಕ್ಕೊಮ್ಮೆ ಬಲಕ್ಕೊಮ್ಮೆ ಎಳೆದರೆ ನೇರ, ಒಂದೇ ಕಡೆ ಎಳೆದರೆ ಸುತ್ತು. ತಾಗುವ ಮುನ್ನ ಬೇಕೆಂದೇ ಅರ್ಧ ಸುತ್ತು ಕೊಟ್ಟು ಓರೆಯಾಗಿ ಹೋಗಿ ಒರಗಿಸುವುದಿದೆಯಲ್ಲ, ಅದು ಕೈಗೆ ಹತ್ತಿದ ದಿನ ಸಿಕ್ಕ ಸುಖವನ್ನು ಬೇರೆ ಯಾವ ಆಟವೂ ನನಗೆ ಕೊಟ್ಟಿಲ್ಲ.

ಈಗ ಫೈಬರ್ ತೆಪ್ಪಗಳು ಬಂದಿವೆ. ಕೊಳೆಯುವುದಿಲ್ಲ, ವರ್ಷವರ್ಷ ಡಾಂಬರು ಬೇಡುವುದಿಲ್ಲ. ಹೊಳೆಯನ್ನೇ ನಂಬಿದವರಿಗೆ ಅದು ದೊಡ್ಡ ಅನುಕೂಲ. ಆದರೆ ಅವುಗಳ ಮೈ ಬಿದಿರಿನಷ್ಟು ಬಾಗದು, ಬಲವಾಗಿ ಬಡಿದರೆ ಬಿರುಕು ಬಿಡುತ್ತದೆ. ಬಂದರುಗಳಲ್ಲಿ ದೋಣಿಗಳ ಪಕ್ಕೆಗೆ ಹಳೇ ಟೈರು ತೂಗುಹಾಕುವುದು ಈ ಭಯಕ್ಕೇ. ತೆಪ್ಪ ಸುತ್ತುವುದರಿಂದ ಯಾವ ಭಾಗ ತಾಗುತ್ತದೆಂದು ಹೇಳಲಾಗದು. ಅಲ್ಲೊಂದು ಇಲ್ಲೊಂದು ಟೈರು ಕಟ್ಟಿದರೆ ಸಾಲದು. ದಪ್ಪ ತೆಂಗಿನ ನಾರಿನ ಹಗ್ಗವನ್ನೋ ಸೀಳಿದ ಟೈರನ್ನೋ ಅಂಚಿನ ಹೊರಮೈಗೆ ಸುತ್ತಲೂ ಬಿಗಿಯಬೇಕು. ಬಿದಿರಿನ ಬಳುಕನ್ನು ಕಳೆದುಕೊಂಡ ತೆಪ್ಪಕ್ಕೆ ನಾವು ತೋರಿಸಬಹುದಾದ ಕನಿಷ್ಠ ಕಾಳಜಿ ಇದು.

ತೆಪ್ಪಗಳು ತಾಗುವಾಗ ಮೊದಲು ಪೆಟ್ಟಾಗುವುದು ಅಂಚು ಹಿಡಿದು ಕೂತವರ ಬೆರಳಿಗೆ. "ಕೈ ಒಳಿಕ್ಕೆ ತಕ್ಕಳಿ ಅಣ್ಣಾ, ಬೆರಳು ಸಿಕ್ಕಾಕಂಡೀತು" ಎಂದು ಅಂಬಿಗರು ಕೂಗಿದರೆ ತಡಮಾಡದೆ ಕೈ ಒಳಗೆಳೆದುಕೊಳ್ಳಿ. ಎದುರಿನ ತೆಪ್ಪವನ್ನು ಕಾಲಿನಿಂದ ಒದ್ದು ತಳ್ಳಲು ಹೋಗಬೇಡಿ, ಎದ್ದು ನಿಲ್ಲಬೇಡಿ. ತಳದಲ್ಲಿ ಕೂತರೆ ಭಾರ ಕೆಳಗಿರುತ್ತದೆ, ತೆಪ್ಪ ವಾಲುವುದಿಲ್ಲ. ಲೈಫ್ ಜಾಕೆಟ್ ತೊಟ್ಟೇ ಹತ್ತಿ. ನಾನು ಹೇಳಿದ ಲೆಕ್ಕವೆಲ್ಲ ಹೊಳೆ ಶಾಂತವಾಗಿ, ತೆಪ್ಪ ನಿಧಾನವಾಗಿ ಹೋಗುವ ದಿನಗಳದ್ದು. ಮಳೆಗಾಲದಲ್ಲಿ ನೀರು ಕೆಂಪಗೆ ತುಂಬಿ ಬಂದಾಗ ಅಂಬಿಗರು ತೆಪ್ಪ ಬಿಡುವುದಿಲ್ಲ ಎಂದರೆ, ದೂರದಿಂದ ಬಂದಿದ್ದೇವೆಂದು ದಯವಿಟ್ಟು ಒತ್ತಾಯ ಮಾಡಬೇಡಿ.